ಕೋಳಿಮರಿ ಗಂಡೋ ಹೆಣ್ಣೋ? ಮೊದಲು ತಂದೆ ತಾಯಿಯ ತಳಿ ಕೇಳಿ

ರೆಕ್ಕೆ ಬಿಡಿಸಿ ನೋಡಿದರೆ ಗೊತ್ತಾಗುತ್ತೆ ಅಂತ ಒಬ್ಬರು ಹೇಳುತ್ತಾರೆ, ಬಣ್ಣ ನೋಡಿದರೆ ಸಾಕು ಅಂತ ಇನ್ನೊಬ್ಬರು. ಎರಡೂ ನಿಜ, ಆದರೆ ಎಲ್ಲ ಮರಿಗೂ ಅಲ್ಲ. ಯಾವ ಹುಂಜಕ್ಕೂ ಯಾವ ಹೇಂಟೆಗೂ ಹುಟ್ಟಿದ ಮರಿ ಅಂತ ಗೊತ್ತಿಲ್ಲದಿದ್ದರೆ ಈ ಗುರುತುಗಳನ್ನು ನಂಬುವ ಹಾಗಿಲ್ಲ. ಏಕೆ ಅಂತ ನೋಡೋಣ.

ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ತೀರ್ಮಾನ ಆಗುತ್ತದೆ, ಅಲ್ವಾ? ಕೋಳಿಯಲ್ಲಿ ತಾಯಿಯ ಕಡೆಯಿಂದ. ತಂದೆ ತಾಯಿಯ ಗುಣಗಳನ್ನು ಮರಿಗೆ ಸಾಗಿಸುವ ಎಳೆಗಳಿಗೆ ಕ್ರೋಮೋಸೋಮ್ ಅಂತಾರೆ. ಹುಂಜಕ್ಕೆ ಎರಡು ಝಡ್ ಕ್ರೋಮೋಸೋಮ್. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಹೆಣ್ಣುಮರಿಗೆ ತಾಯಿಯಿಂದ ಡಬ್ಲ್ಯು ಬರುತ್ತದೆ, ಅದರ ಒಂದೇ ಝಡ್ ತಂದೆಯದು. ಹಾಗಾಗಿ ತಾಯಿಯ ಝಡ್ ಮೇಲಿರುವ ಗುಣ ಗಂಡುಮರಿಗಳಿಗೆ ಮಾತ್ರ ಹೋಗುತ್ತದೆ. ಇದನ್ನು ಗಟ್ಟಿ ಮಾಡಿಕೊಳ್ಳಿ, ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಕೆಂಪು ಬಣ್ಣದ ರೋಡ್ ಐಲ್ಯಾಂಡ್ ರೆಡ್ ತಳಿಯ ಹುಂಜಕ್ಕೆ ಮೈತುಂಬ ಪಟ್ಟೆ ಇರುವ ಪ್ಲಿಮತ್ ರಾಕ್ ಹೇಂಟೆ ಸೇರಿಸಿದರೆ ಮರಿಗಳೆಲ್ಲ ಕಪ್ಪಾಗಿಯೇ ಹುಟ್ಟುತ್ತವೆ. ಆದರೆ ಗಂಡುಮರಿಯ ನೆತ್ತಿಯ ಮೇಲೆ ಒಂದು ಬಿಳಿ ಮಚ್ಚೆ ಇರುತ್ತದೆ. ಅದು ತಾಯಿಯ ಪಟ್ಟೆಯ ಜೀನ್ (ಕ್ರೋಮೋಸೋಮ್ ಮೇಲೆ ಒಂದು ಗುಣವನ್ನು ಹೊತ್ತಿರುವ ತುಣುಕು) ಕೊಟ್ಟ ಗುರುತು. ಹೆಣ್ಣುಮರಿಗೆ ಆ ಜೀನ್ ಸಿಗುವುದೇ ಇಲ್ಲ, ನೆತ್ತಿ ಪೂರ್ತಿ ಕಪ್ಪು. ಈಗ ತಿರುಗಿಸಿ: ಶುದ್ಧ ಪಟ್ಟೆ ತಳಿಯ ಹುಂಜ, ಕೆಂಪು ಹೇಂಟೆ. ತಂದೆಯ ಝಡ್ ಎಲ್ಲ ಮರಿಗೂ ಹೋಗುತ್ತದೆ, ಎಲ್ಲಕ್ಕೂ ಮಚ್ಚೆ ಬರುತ್ತದೆ. ಗುರುತು ಕೈಕೊಟ್ಟಿತು.

ರೆಕ್ಕೆಯ ವಿಷಯವೂ ಹೀಗೇ. ಒಂದು ದಿನದ ಮರಿಯ ರೆಕ್ಕೆಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಗರಿಗಳ ಎರಡು ಸಾಲು ಕಾಣುತ್ತದೆ: ಒಂದು ಮುಂದೆ ಹಾರುವ ಗರಿಗಳಾಗುವ ಸಾಲು, ಇನ್ನೊಂದು ಅದರ ಬುಡ ಮುಚ್ಚುವ ಸಾಲು. ಹಾರುವ ಗರಿ ಎದ್ದು ಕಾಣುವಷ್ಟು ಉದ್ದ ಇದ್ದರೆ ಬೇಗ ಗರಿ ಬರುವ ಮರಿ. ಎರಡೂ ಸಮ ಇದ್ದರೆ, ಅಥವಾ ಮುಚ್ಚುವ ಗರಿಯೇ ಉದ್ದ ಇದ್ದರೆ, ನಿಧಾನದ ಮರಿ. ನಿಧಾನದ ಜೀನ್ ಪ್ರಬಲ, ಅಂದರೆ ಒಂದೇ ಪ್ರತಿ ಇದ್ದರೂ ಅದರ ಗುಣ ಕಾಣುತ್ತದೆ; ಅದೂ ಝಡ್ ಮೇಲೆಯೇ ಇದೆ. ಆದ್ದರಿಂದ ತಾಯಿ ನಿಧಾನದ್ದು, ತಂದೆ ಬೇಗದ್ದು ಆಗಿದ್ದರೆ ಉದ್ದ ಗರಿಯದ್ದು ಹೆಣ್ಣು, ಸಮ ಗರಿಯದ್ದು ಗಂಡು. ಮೊದಲ ಒಂದೆರಡು ದಿನದೊಳಗೇ ನೋಡಬೇಕು, ಆಮೇಲೆ ವ್ಯತ್ಯಾಸ ಮಾಸಿಹೋಗುತ್ತದೆ.

ಮರಿಯ ಮಲದ್ವಾರ ಬಿಡಿಸಿ ಗಂಡಿಗಿರುವ ಒಳಗಿನ ಸಣ್ಣ ಉಬ್ಬು ನೋಡುವ ವಿಧಾನಕ್ಕೆ ತಳಿಯ ಹಂಗಿಲ್ಲ. ಜಪಾನಿನ ಮಸುಯಿ ಮತ್ತು ಹಶಿಮೊಟೊ 1920ರ ದಶಕದಲ್ಲಿ ಇದನ್ನು ರೂಪಿಸಿದರು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕೋಳಿ ಸಾಕಣೆ ಸಮ್ಮೇಳನದ ಮೂಲಕ ಅದು ಹೊರಜಗತ್ತಿಗೆ ಗೊತ್ತಾಯಿತು. ಕೆಲವು ಹೆಣ್ಣುಮರಿಗಳಲ್ಲೂ ಉಬ್ಬು ಇರುತ್ತದೆ, ಹಾಗಾಗಿ ಕಣ್ಣು ಪಳಗಲೇಬೇಕು. ತರಬೇತಿ ಇಲ್ಲದೆ ದಯವಿಟ್ಟು ಮಾಡಬೇಡಿ. ಮರಿಯ ಹೊಟ್ಟೆಯಲ್ಲಿ ಇನ್ನೂ ಮೊಟ್ಟೆಯ ಹಳದಿ ಭಾಗದ ಚೀಲ ಇರುತ್ತದೆ, ಒತ್ತಿದರೆ ಪ್ರಾಣಕ್ಕೇ ಅಪಾಯ.

ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ಮಾತನ್ನು ಬಿಟ್ಟುಬಿಡಿ. ಒಂದು ಹೇಂಟೆಯ ಮೊಟ್ಟೆಗಳ ಆಕಾರ ಹೆಚ್ಚುಕಮ್ಮಿ ಒಂದೇ ಥರ, ಮರಿ ಮಾತ್ರ ಎರಡೂ ಬರುತ್ತವೆ.

ಇನ್ನು ನಮ್ಮ ನಾಟಿ ಕೋಳಿ. ಹಿತ್ತಲಲ್ಲಿ ಬಣ್ಣ, ತಳಿ ಎಲ್ಲ ಬೆರೆತಿರುತ್ತದೆ, ಹಾಗಾಗಿ ಹುಟ್ಟಿದ ದಿನ ರೆಕ್ಕೆ, ಬಣ್ಣ ನೋಡಿ ಸುಮ್ನೆ ಊಹಿಸಬೇಡಿ. ಆರರಿಂದ ಎಂಟು ವಾರಕ್ಕೆ ಗಂಡಿನ ಜುಟ್ಟು ದಪ್ಪಗಾಗಿ ಕೆಂಪೇರುತ್ತದೆ, ಹೆಣ್ಣಿನದು ಸಣ್ಣದಾಗಿ ಪೇಲವವಾಗಿ ಇರುತ್ತದೆ. ಆದರೆ ಕಡಕ್‌ನಾಥ್‌ನ ಜುಟ್ಟೇ ಕಪ್ಪು ಛಾಯೆಯದು, ಅಸೀಲ್‌ನದು ಹುಟ್ಟಾ ಚಿಕ್ಕದು. ಈ ತಳಿಗಳಲ್ಲಿ ಜುಟ್ಟು ನೆಚ್ಚಿಕೊಂಡರೆ ತಪ್ಪುವುದೇ ಜಾಸ್ತಿ. ನಾನು ಹೆಚ್ಚು ನಂಬುವುದು ಬಾಲದ ಬುಡದ ಗರಿಯನ್ನು. ಸುಮಾರು ಹತ್ತು ಹನ್ನೆರಡು ವಾರಕ್ಕೆ ಹುಂಜಕ್ಕೆ ಸೊಂಟದಿಂದ ಎರಡೂ ಪಕ್ಕಕ್ಕೆ ತೆಳ್ಳಗೆ, ಚೂಪು ತುದಿಯ, ಹೊಳೆಯುವ ಗರಿ ಇಳಿಯುತ್ತದೆ. ಹೇಂಟೆಯದು ಅದೇ ಜಾಗದಲ್ಲಿ ಅಗಲ, ತುದಿ ದುಂಡಗೆ. ಒಂದು ಗರಿ ಬೆರಳ ಮೇಲೆ ಹರಡಿದರೆ ತಿಳಿಯುತ್ತದೆ. ಕಾಲಿನ ಮುಳ್ಳನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಕೆಲವು ಹೇಂಟೆಗಳಿಗೂ ಬರುತ್ತದೆ.