ಆ 163 ಜನರ ಹೆಸರೇನು?

ಮೊನ್ನೆ ಕೋರ್ಟ್ ಕ್ಯಾಂಟೀನಿನಲ್ಲಿ ನನ್ನ ಇಬ್ಬರು ಜೂನಿಯರ್‌ಗಳು ಜೋರಾಗಿ ವಾದಕ್ಕೆ ಬಿದ್ದಿದ್ದರು. ಯಾವುದೋ ಜಾಮೀನು ಅರ್ಜಿ ಇರಬೇಕು ಅಂದುಕೊಂಡೆ. ನೋಡಿದರೆ ‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್ಲಿನ ರಾಣಿ ಡೆನೇರಿಸ್ ವಿಷಯ. ಸೋತ ಶತ್ರುಗಳನ್ನು ಅವಳು ಕೊಂದಿದ್ದು ನ್ಯಾಯ ಅಂತ ಹುಡುಗ. ಹಾಗಾದ್ರೆ ಕೊನೆಗೆ ಶರಣಾದ ಊರನ್ನೇ ಸುಟ್ಟಳಲ್ಲ, ಅದೂ ನ್ಯಾಯಾನಾ ಅಂತ ಹುಡುಗಿ.

ನಾನೂ ಅದನ್ನು ಪೂರ್ತಿ ನೋಡಿದವನೇ. ಇಪ್ಪತ್ತು ವರ್ಷದಿಂದ ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ನಿಲ್ಲುವ ಕೆಲಸ ನನ್ನದು. ನನ್ನ ಪ್ರಕಾರ ಲೆಕ್ಕ ತಪ್ಪಿದ್ದು ಆ ಕೊನೆಯ ಬೆಂಕಿಯಲ್ಲಲ್ಲ. ಅದಕ್ಕಿಂತ ಬಹಳ ಮುಂಚೆ, ಮೀರೀನ್ ಊರಿನಲ್ಲಿ.

ಮೀರೀನ್‌ನ ಧಣಿಗಳು 163 ಗುಲಾಮ ಮಕ್ಕಳನ್ನು ದಾರಿಯುದ್ದಕ್ಕೂ ಮೈಲಿಗೊಬ್ಬರಂತೆ ಮೊಳೆ ಹೊಡೆದು ನಿಲ್ಲಿಸಿದ್ದರು. ಊರು ಕೈಗೆ ಬಂದ ಮೇಲೆ ಡೆನೇರಿಸ್ ಅಷ್ಟೇ ಸಂಖ್ಯೆಯ ಧಣಿಗಳನ್ನು ಹಾಗೇ ಮೊಳೆ ಹೊಡೆಸಿದಳು. ಕರುಣೆ ತೋರಿಸೋದು ಒಳ್ಳೇದು ಅಂತ ವಯಸ್ಸಾದ ಸೇನಾನಿ ಬ್ಯಾರಿಸ್ಟನ್ ಹೇಳಿದ. ಅವಳು ಕೇಳಲಿಲ್ಲ. ನೋಡುವಾಗ ನಮಗೂ ‘ಸರಿಯಾಯ್ತು’ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಹಿಜ್ದಾರ್ ಅನ್ನೋ ಯುವಕ ಅವಳ ದರ್ಬಾರಿಗೆ ಬರುತ್ತಾನೆ. ಆ 163ರಲ್ಲಿ ಅವನ ಅಪ್ಪನೂ ಒಬ್ಬ. ಮಕ್ಕಳನ್ನು ಕೊಲ್ಲಬೇಡಿ ಅಂತ ಅಪ್ಪ ವಿರೋಧ ಮಾಡಿದ್ದ ಅನ್ನುತ್ತಾನೆ ಮಗ. ಕೇಳೋದು ಇಷ್ಟೇ: ಹೆಣ ಇಳಿಸಿ ಮಣ್ಣು ಮಾಡೋಕೆ ಅನುಮತಿ. ಅವನು ಹೇಳಿದ್ದು ನಿಜವೋ ಸುಳ್ಳೋ? ಗೊತ್ತಾಗೋ ದಾರಿಯೇ ಇಲ್ಲ. ರಾಣಿ ಎಣಿಸಿದ್ದಳು, ವಿಚಾರಿಸಿರಲಿಲ್ಲ.

ಆ ದೃಶ್ಯ ನೋಡುವಾಗ ನನಗೆ ನಮ್ಮ ಒಂದು ಕೇಸಿನ ಎ-8, ಅಂದರೆ ಎಂಟನೇ ಆರೋಪಿ, ನೆನಪಾದ. ಹೊಲದ ಬದುವಿನ ಜಗಳ, ಒಂದು ಸಾವು, ಎಫ್‌ಐಆರ್‌ನಲ್ಲಿ 14 ಹೆಸರು. ಒಂದು ಮನೆಯ ಗಂಡಸರನ್ನೆಲ್ಲ ಸಾಲಾಗಿ ಬರೆಸಿದ್ದರು. ಇದು ಮಾಮೂಲು. ಸತ್ತವರ ಕಡೆಯವರ ಸಿಟ್ಟಿಗೆ ಒಬ್ಬರೋ ಇಬ್ಬರೋ ಸಾಲೋದಿಲ್ಲ. ಎಂಟನೇ ಆರೋಪಿ ಮನೆಯ ಹಿರಿಯ, ಮಂಡಿನೋವಿನ ಮನುಷ್ಯ. ಕಟಕಟೆಯಲ್ಲಿ ನಿಂತಷ್ಟು ಹೊತ್ತೂ ಕಂಬಿ ಹಿಡಿದುಕೊಂಡೇ ಇರುತ್ತಿದ್ದ. ಮೊದಲ ಸಾಕ್ಷಿ ಇವನ ಕೈಯಲ್ಲಿ ಮಚ್ಚಿತ್ತು ಅಂದ. ಎರಡನೆಯವನು ದೊಣ್ಣೆ ಅಂದ. ಮೂರನೆಯವಳು ಸತ್ತವನ ಅತ್ತಿಗೆ. ಪಾಟೀಸವಾಲಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: “ಆ ಹೊತ್ತಲ್ಲಿ ಈ ಯಜಮಾನರು ಏನು ಮಾಡ್ತಿದ್ರಮ್ಮಾ?” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬ್ಯಾಡ್ರೋ ಬ್ಯಾಡ್ರೋ ಅಂತಿದ್ದ” ಅಂದಳು. ಟೈಪಿಸ್ಟ್ ಕೈ ಕೂಡ ಒಂದು ಕ್ಷಣ ನಿಂತಿತು.

ಎ-8 ಬಿಡುಗಡೆಯಾದ. ಹಿಜ್ದಾರನ ಅಪ್ಪನ ಪರವಾಗಿ ಆ ಪ್ರಶ್ನೆ ಕೇಳೋಕೆ ಯಾರೂ ಇರಲಿಲ್ಲ.

ಗುಂಪಿನ ಕೇಸುಗಳಲ್ಲಿ ಈ ಅಪಾಯ ಇದ್ದೇ ಇದೆ. ಅದಕ್ಕೇ 1964ರ ಮಸಾಲ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಜರಡಿ ಇಟ್ಟಿತು: ಆರೋಪಿಗಳು ಬಹಳ ಜನ ಇದ್ದಾಗ, ಒಬ್ಬನ ಬಗ್ಗೆ ಇಬ್ಬರು ಮೂವರಾದರೂ ಒಂದೇ ರೀತಿ ಹೇಳಬೇಕು. ತಪ್ಪಿತಸ್ಥ ಅಂತ ತೀರ್ಪು ಬಂದ ಮೇಲೂ, ಶಿಕ್ಷೆ ಎಷ್ಟು ಅನ್ನೋದಕ್ಕೆ ಆರೋಪಿಯ ಮಾತನ್ನು ಬೇರೆಯಾಗಿ ಕೇಳಬೇಕು. ಸೆಷನ್ಸ್ ಕೋರ್ಟ್ ಗಲ್ಲು ಅಂದರೂ ಹೈಕೋರ್ಟ್ ದೃಢಪಡಿಸೋ ತನಕ ಅದು ಜಾರಿಯಾಗಲ್ಲ. ಇಷ್ಟೆಲ್ಲ ಯಾಕೆ ಅಂತ ಕಕ್ಷಿದಾರರು ಗೊಣಗುತ್ತಾರೆ. ಸಿಟ್ಟು ಆರಲಿ ಅಂತಾನೇ.

“ನೆಡ್ ಸ್ಟಾರ್ಕ್ ಥರ ಇರಬೇಕಿತ್ತು ಸರ್” ಅಂದಳು ಹುಡುಗಿ. ಶಿಕ್ಷೆ ಕೊಟ್ಟವನೇ ಕತ್ತಿ ಬೀಸಬೇಕು ಅನ್ನೋನು ನೆಡ್. ಅಭಿಮಾನಿಗಳಿಗೆ ನ್ಯಾಯವಂತ ದೊರೆ ಅಂದರೆ ಅವನೇ. ನನಗೆ ಅವನ ಮೇಲೂ ಒಂದು ತಕರಾರಿದೆ. ಮೊದಲನೇ ಕಂತಿನಲ್ಲೇ ಕಾವಲು ಬಿಟ್ಟು ಓಡಿ ಬಂದ ಹುಡುಗನ ತಲೆ ಕಡಿಯುತ್ತಾನೆ. ಆ ಹುಡುಗ ತಪ್ಪು ಒಪ್ಪಿಕೊಂಡು, ಉತ್ತರದಲ್ಲಿ ಶ್ವೇತಪಿಶಾಚಿಗಳನ್ನು ಕಂಡೆ ಅಂತ ಹೇಳಿದ್ದ. ಹುಚ್ಚು ಅಂತ ನೆಡ್ ತಳ್ಳಿಹಾಕಿದ. ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ! ಕತ್ತಿ ಹಿಡಿದ ಕೈ ಪ್ರಾಮಾಣಿಕವಾಗಿತ್ತು, ಕಿವಿ ಮಾತ್ರ ಮುಚ್ಚಿತ್ತು. ಇದ್ದ ಒಬ್ಬ ಸಾಕ್ಷಿಯೂ ಹೋದ.

ಏಳನೇ ಸೀಸನ್‌ನ ಟಾರ್ಲಿ ಅಪ್ಪ-ಮಗನ ಕೇಸಂತೂ ಇನ್ನೂ ಸುಲಭ. ಯುದ್ಧ ಸೋತು ಸೆರೆ ಸಿಕ್ಕವರು. ಮಂಡಿಯೂರಲ್ಲ ಅಂದರು. ಸೆರೆಮನೆಗೆ ಹಾಕೋಣ ಅಂತ ಸಲಹೆಗಾರ ಟಿರಿಯನ್ ಹೇಳಿದರೂ ಡೆನೇರಿಸ್ ಅವರನ್ನು ಡ್ರ್ಯಾಗನ್‌ನಿಂದ ಸುಡಿಸಿದಳು. ಅವರದು ಕಾಲ್ಪನಿಕ ಲೋಕ, ನಮ್ಮ ಕಾನೂನು ಅಲ್ಲಿ ನಡೆಯಲ್ಲ, ಒಪ್ಪುತ್ತೇನೆ. ಆದರೂ ಹೇಳುತ್ತೇನೆ. ಶರಣಾದವನನ್ನು ಕೊಲ್ಲೋದನ್ನು 1907ರ ಹೇಗ್ ನಿಯಮಗಳೇ ನಿಷೇಧಿಸಿವೆ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ನಮ್ಮ ಸೇನೆಗೆ ಶರಣಾದ ಪಾಕಿಸ್ತಾನಿಗಳು ಸುಮಾರು 93,000. ಅವರನ್ನು ಇಲ್ಲಿ ಕರೆತಂದು, ಇಟ್ಟುಕೊಂಡು, ಆಮೇಲೆ ವಾಪಸ್ ಕಳಿಸಿದೆವು. ಮಂಡಿಯೂರಿ ಅಂತ ಯಾರೂ ಕೇಳಲಿಲ್ಲ. ಟಾರ್ಲಿಗಳ ಪಕ್ಕ ನಿಂತಿದ್ದ ಉಳಿದ ಸೈನಿಕರು ಬೆಂಕಿ ನೋಡಿ ದಡಬಡ ಮಂಡಿಯೂರಿದರಲ್ಲ, ಅಂಥ ಒಪ್ಪಿಗೆಗೆ ನಮ್ಮ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಉತ್ತರದ ದೊರೆ ಜಾನ್ ಸ್ನೋ ಅದೇ ಸೀಸನ್‌ನಲ್ಲಿ ದ್ರೋಹಿಗಳ ಮಕ್ಕಳಿಗೆ ಅವರವರ ಕೋಟೆ ವಾಪಸ್ ಕೊಡುತ್ತಾನೆ. ಅಪ್ಪಂದಿರ ತಪ್ಪಿಗೆ ಮಕ್ಕಳನ್ನು ಎಳೆಯಲ್ಲ ಅಂತ. ಆ ದೃಶ್ಯ ನನಗೆ ತುಂಬಾ ಇಷ್ಟ. ಆದರೆ ಅದೇ ಜಾನ್ ಹಿಂದಿನ ಸೀಸನ್‌ನಲ್ಲಿ ತನ್ನನ್ನು ಇರಿದವರನ್ನು ತಾನೇ ನೇಣಿಗೆ ಹಾಕಿದ. ಅವರಲ್ಲಿ ಆಲಿ ಅನ್ನೋ ಪುಟ್ಟ ಹುಡುಗ ಕೂಡ ಇದ್ದ. ಇರಿತ ತಿಂದವನೂ ಅವನೇ, ಜಡ್ಜೂ ಅವನೇ, ಹಗ್ಗ ಕಡಿದವನೂ ಅವನೇ. ಕೊನೆಯ ಮಾತೇನಾದರೂ ಇದೆಯಾ ಅಂತ ಕೇಳಿದ, ನಿಜ. ಹುಡುಗ ಏನೂ ಹೇಳಲಿಲ್ಲ. ಆ ವಯಸ್ಸಿನವರು ಹೇಳೋದೇ ಇಲ್ಲ. ಅವರ ಪರವಾಗಿ ಬೇರೆಯವರು ಹೇಳಬೇಕು.

ಇಷ್ಟು ಹೇಳೋ ಹೊತ್ತಿಗೆ ಟೀ ಆರಿಹೋಗಿತ್ತು. ಹುಡುಗ ಬಿಡಲಿಲ್ಲ. “ಸರಿ ಸರ್, ಆ ಧಣಿಗಳ ಕೇಸು ನಿಮ್ಮ ಹತ್ರ ಬಂದಿದ್ರೆ ವಕಾಲತ್ತು ಹಾಕ್ತಿದ್ರಾ?”

“163 ಜನಕ್ಕಾ? ಹಾಕ್ತಿದ್ದೆ ಕಣೋ. 163 ವಕಾಲತ್ತು, ಒಬ್ಬೊಬ್ಬನಿಗೂ ಬೇರೆ ಬೇರೆ. ನೀನೇ ಬರೀತಿದ್ದೆ.”