ಚಿನ್ನದ ಕಣದ ಮದ್ದು ಎಲ್ಲಿಗೆ ಬಂತು?

ಚಿನ್ನದ ನ್ಯಾನೊ ಕಣದಿಂದ ಕ್ಯಾನ್ಸರ್‌ಗೆ ಮದ್ದು ಎಂಬ ಸುದ್ದಿಯನ್ನು ವರ್ಷಗಳಿಂದ ಓದುತ್ತಲೇ ಇದ್ದೇವೆ. ಮನೆಯಲ್ಲಿ ರೋಗಿ ಇರುವವರು 'ಅದು ಯಾವಾಗ ಸಿಗುತ್ತೆ?' ಅಂತ ಕೇಳುತ್ತಾರೆ. ಅವರಿಗೆ ನೆಟ್ಟಗೆ ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಿನ್ನದ ಅತಿಸಣ್ಣ ಕಣಗಳು ನೀರನ್ನು ಕೆಂಪಾಗಿಸುತ್ತವೆ ಎಂದು ಮೈಕೆಲ್ ಫ್ಯಾರಡೆ 1857ರಲ್ಲೇ ವಿವರಿಸಿದ್ದರು. ಚಿನ್ನದ ಲವಣದ ನೀರಿಗೆ ಸಿಟ್ರೇಟ್ (ನಿಂಬೆಹುಳಿಯ ಲವಣ) ಹಾಕಿ ಕಾಯಿಸಿ ಅವನ್ನು ತಯಾರಿಸುವ ಸುಲಭ ದಾರಿ 1951ರಲ್ಲಿ ವಿಜ್ಞಾನಿ ಟರ್ಕೆವಿಚ್ ತಂಡದಿಂದ ಬಂತು.

ಈ ಕಣಗಳ ಮೇಲೆ ಮದ್ದು ಹೊರಿಸಿ ರಕ್ತದ ಮೂಲಕ ಗಡ್ಡೆಗೆ ತಲುಪಿಸುವುದು ಉದ್ದೇಶ. ತೊಡಕು ಇರುವುದು ಉಪ್ಪಿನಲ್ಲಿ. ಈ ದ್ರಾವಣ ನೋಡಲು ದಾಳಿಂಬೆ ರಸದ ಹಾಗಿರುತ್ತದೆ. ಅದಕ್ಕೆ ಉಪ್ಪುನೀರು ಬಿಟ್ಟರೆ ಕಣ್ಣೆದುರೇ ನೇರಳೆಯಾಗಿ ನೀಲಿಗೆ ತಿರುಗುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದವು ಅಂತ ಅರ್ಥ. ನಮ್ಮ ರಕ್ತದಲ್ಲೂ ಉಪ್ಪಿದೆ, ಅಲ್ವಾ? ಅದಕ್ಕೇ ಕಣಕ್ಕೆ ಪಾಲಿಮರ್ (ಉದ್ದ ಸರಪಳಿಯಂಥ ಅಣು) ಹೊದಿಕೆ ಬೇಕಾಯಿತು. ಹೆಚ್ಚು ಬಳಕೆಗೆ ಬಂದದ್ದು ಪೆಗ್, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್. ಅದನ್ನು ಚೆನ್ನಾಗಿ ಹೊದಿಸಿದ ಮೇಲೆ ಅದೇ ಉಪ್ಪುನೀರು ಬಿಟ್ಟರೂ ಕೆಂಪು ಕೆಂಪಾಗೇ ಉಳಿಯುತ್ತದೆ.

ಆಮೇಲೆ ಹೊದಿಕೆಗೆ ಬಾಗಿಲಿನ ಕೆಲಸವೂ ಸಿಕ್ಕಿತು. ಪಿ-ನಿಪಾಮ್ ಎಂಬ ಪಾಲಿಮರ್ ನೀರಿನಲ್ಲಿ ಸುಮಾರು 32 ಡಿಗ್ರಿ ದಾಟಿದರೆ ಮುದುಡಿಕೊಳ್ಳುತ್ತದೆ. ನಮ್ಮ ಮೈಬಿಸಿಯೇ 37. ಹಾಗಾಗಿ ಅದಕ್ಕೆ ಬೇರೆ ಅಂಶ ಸೇರಿಸಿ ಆ ಮಿತಿಯನ್ನು ಮೈಬಿಸಿಗಿಂತ ತುಸು ಮೇಲಕ್ಕೆ ಏರಿಸುತ್ತಾರೆ. 2009ರಲ್ಲಿ ಅಮೆರಿಕದ ಯೂನಾನ್ ಶಿಯಾ ತಂಡ ಚಿನ್ನದ ಟೊಳ್ಳು ಪಂಜರದಲ್ಲಿ ಔಷಧ ತುಂಬಿ ಇಂಥ ಹೊದಿಕೆ ಹಾಕಿತು. ಲೇಸರ್ ಬಿಟ್ಟರೆ ಚಿನ್ನ ಬಿಸಿಯಾಗುತ್ತದೆ, ಪಾಲಿಮರ್ ಮುದುಡುತ್ತದೆ, ತೂತುಗಳಿಂದ ಔಷಧ ಹೊರಬರುತ್ತದೆ. ಲೇಸರ್ ಆರಿಸಿದರೆ ಬಾಗಿಲು ಮುಚ್ಚುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ತುಂಬಾ ಚೆಂದದ ಕೆಲಸ ಇದು.

ಮನುಷ್ಯರ ಮೇಲೂ ಒಂದು ಪ್ರಯತ್ನ ನಡೆದಿದೆ. ಗಡ್ಡೆಯನ್ನು ಕೊಲ್ಲಬಲ್ಲ ಟಿಎನ್‌ಎಫ್ ಎಂಬ ಪ್ರೋಟೀನನ್ನು ನೇರವಾಗಿ ಕೊಟ್ಟರೆ ಬಿಪಿ ಕುಸಿಯುತ್ತಿತ್ತು. 27 ನ್ಯಾನೊಮೀಟರ್ ಚಿನ್ನದ ಕಣಕ್ಕೆ ಅದನ್ನೂ ಪೆಗ್ಗನ್ನೂ ಅಂಟಿಸಿ ಕೊಟ್ಟಾಗ ರೋಗಿಗಳು ಜಾಸ್ತಿ ಡೋಸನ್ನೂ ತಡೆದುಕೊಂಡರು. ಈ ಮೊದಲ ಹಂತದ ಪರೀಕ್ಷೆಯ ವರದಿ 2010ರಲ್ಲಿ ಬಂತು.

ಕಣ್ಣು ತೆರೆಸಿದ್ದು 2016ರ ಲೆಕ್ಕ. ಟೊರೊಂಟೊದ ಸಂಶೋಧಕರು ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದರು. ಅವು ಹೆಚ್ಚಾಗಿ ಇಲಿಗಳ ಮೇಲೆ ನಡೆದಂಥವು. ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು, ಎಲ್ಲ ಫಲಿತಾಂಶಗಳ ನಟ್ಟನಡುವಿನ ಅಂಕಿ (ಮೀಡಿಯನ್) ನೋಡಿದರೆ, ಬರೀ ಶೇ 0.7. ಉಳಿದದ್ದರಲ್ಲಿ ಬಹುಪಾಲನ್ನು ಲಿವರ್, ಗುಲ್ಮದಂಥ ಅಂಗಗಳು ಹಿಡಿದುಬಿಡುತ್ತವೆ. ಚಿನ್ನ ಸುಲಭಕ್ಕೆ ಕರಗುವುದೂ ಇಲ್ಲ. ಬಾಗಿಲು ಎಷ್ಟು ಜಾಣತನದ್ದಾದರೂ ಕಣ ಮನೆ ತಲುಪಬೇಕಲ್ಲ? ಇಲಿಯ ಫಲಿತಾಂಶ ಬರೆಯುವಾಗ ತಲೆಬರಹದಲ್ಲೇ 'ಇಲಿ' ಅಂತ ಹಾಕಿದ್ದರೆ ಎಷ್ಟೋ ಮನೆಗಳಲ್ಲಿ ಸುಮ್ನೆ ಆಸೆ ಹುಟ್ಟುತ್ತಿರಲಿಲ್ಲ.

ಲೇಸರ್‌ಗೆ ತೆರೆದುಕೊಳ್ಳುವ ಚಿನ್ನದ ಮದ್ದು ಔಷಧದಂಗಡಿಗೆ ಇನ್ನೂ ಬಂದಿಲ್ಲ. ಅದಕ್ಕೆ ಕಾಯುತ್ತಾ ಡಾಕ್ಟರ್ ಹೇಳಿದ ಕೀಮೊವನ್ನು ದಯವಿಟ್ಟು ಮುಂದೂಡಬೇಡಿ.