ಹೆಸರುಂಟು, ಮೌಲ್ಯವಿಲ್ಲ: ಲಿಸ್ಪ್‌ನ ಖಾಲಿ ವೇರಿಯಬಲ್‌ಗಳ ಹಿನ್ನೆಲೆ

(ಡೆಫ್‌ವಾರ್ ಎಕ್ಸ್). ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಕ್ಸ್ ಎಂಬ ವೇರಿಯಬಲ್ಲನ್ನು ಘೋಷಿಸುವ ಸಾಲಿದು. ಇಷ್ಟು ಬರೆದು ಮುಂದೆ ಮೌಲ್ಯ ಕೊಡದೆ ಬಿಟ್ಟರೆ ಏನಾಗುತ್ತದೆ? ಆ ಭಾಷೆಯ ಒಂದು ಪ್ರಭೇದವಾದ ಕಾಮನ್ ಲಿಸ್ಪ್ ಬಲ್ಲವರೂ, ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗಿನ ಈಮ್ಯಾಕ್ಸ್ ಲಿಸ್ಪ್ ಬಲ್ಲವರೂ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಾರೆ. ಇಬ್ಬರೂ ಹೇಳುವುದು ಸರಿ, ಗೊಂದಲ ಶುರುವಾಗುವುದೂ ಅಲ್ಲಿಂದಲೇ.

ಮೊದಮೊದಲು ಇಷ್ಟು ತಕರಾರು ಇರಲಿಲ್ಲ. 1962ರ ಲಿಸ್ಪ್ 1.5 ಕೈಪಿಡಿಯಲ್ಲಿ ಪ್ರಾಗ್ ಎಂಬ ರಚನೆಯಿದೆ. ಅದರ ಆರಂಭದಲ್ಲಿ ವೇರಿಯಬಲ್‌ಗಳ ಹೆಸರು ಪಟ್ಟಿ ಮಾಡಿದರೆ ಸಾಕು, ಎಲ್ಲದರ ಮೌಲ್ಯವೂ ನಿಲ್ ಆಗಿ ಶುರುವಾಗುತ್ತಿತ್ತು. ತಾತ್ಕಾಲಿಕವಾಗಿ ವೇರಿಯಬಲ್ಲಿಗೆ ಮೌಲ್ಯ ಕೊಡುವ ಇಂದಿನ (ಲೆಟ್ (ಎಕ್ಸ್) ...) ಪಾಲಿಸುವುದೂ ಅದೇ ರೂಢಿಯನ್ನು. ಅನುಕೂಲವೇನೋ ಹೌದು. ಆದರೆ ಲಿಸ್ಪ್‌ನಲ್ಲಿ ನಿಲ್ ಎಂದರೆ ‘ಸುಳ್ಳು’, ನಿಲ್ ಎಂದರೆ ಖಾಲಿ ಪಟ್ಟಿಯೂ ಹೌದು; ಅದಕ್ಕೇ ‘ಇನ್ನೂ ಮೌಲ್ಯ ಕೊಟ್ಟಿಲ್ಲ’ ಎಂಬ ಮೂರನೆಯ ಹೊರೆಯನ್ನೂ ಹೊರಿಸಿದಂತಾಯಿತು. ಮೌಲ್ಯ ಕೊಡಲು ಮರೆತ ಕೋಡ್ ಕೂಡ ತಕರಾರಿಲ್ಲದೆ ಓಡಿ, ಎಲ್ಲೋ ದೂರದಲ್ಲಿ ತಪ್ಪು ಉತ್ತರ ಕೊಡುತ್ತದೆ.

ಮುಂದೆ ಮ್ಯಾಕ್‌ಲಿಸ್ಪ್ ಎಂಬ ಪ್ರಭೇದವನ್ನೂ ಲಿಸ್ಪ್‌ಗೆಂದೇ ಮಾಡಿದ ಲಿಸ್ಪ್ ಮಷೀನ್ ಕಂಪ್ಯೂಟರ್‌ಗಳನ್ನೂ ದಾಟಿ, 1984ರಲ್ಲಿ ಗೈ ಸ್ಟೀಲ್ ಅವರ ಪುಸ್ತಕದಲ್ಲಿ ಕಾಮನ್ ಲಿಸ್ಪ್ ರೂಪ ಪಡೆದು, 1994ರಲ್ಲಿ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಒಪ್ಪಿದ ಮಾನಕವಾಯಿತು. ಇಲ್ಲಿ ಖಾಲಿ ಡೆಫ್‌ವಾರ್‌ಗೆ ಅರ್ಥ ಸ್ಪಷ್ಟ. ಆ ಹೆಸರು ಇನ್ನು ಮುಂದೆ ಎಲ್ಲೆಡೆ ಡೈನಾಮಿಕ್; ಅಂದರೆ ಲೆಟ್ ಅದಕ್ಕೆ ಕೊಟ್ಟ ಮೌಲ್ಯ, ಆ ಲೆಟ್ ಮುಗಿಯುವವರೆಗೆ ಅಲ್ಲಿಂದ ಕರೆದ ಫಂಕ್ಷನ್‌ಗಳಿಗೂ ಕಾಣುತ್ತದೆ. ಮೌಲ್ಯ ಮಾತ್ರ ಇಲ್ಲ, ನಿಲ್ ಕೂಡ ಅಲ್ಲ. ಯಾರಾದರೂ ಮೌಲ್ಯ ಕೊಡುವ ಮುನ್ನ ಓದಲು ಹೋದರೆ ‘ಅನ್‌ಬೌಂಡ್ ವೇರಿಯಬಲ್’ ಎಂಬ ದೋಷ ಅಲ್ಲೇ ಎದ್ದು ನಿಲ್ಲುತ್ತದೆ. ಬೇಗ ಬೀಳುವ ಕೋಡ್ ಒಳ್ಳೆಯ ಕೋಡ್ ಎನ್ನುವವರಿಗೆ ಇದು ಪ್ರಿಯ. ‘ಎಲ್ಲೆಡೆ’ ಎಂಬುದು ಮಾತ್ರ ತುಸು ಅಪಾಯದ ಮಾತು: ಎಕ್ಸ್ ಎಂಬ ಸಾದಾ ಹೆಸರನ್ನು ಹೀಗೆ ಘೋಷಿಸಿದರೆ, ಆಮೇಲೆ ಬರುವ ಲೆಟ್‌ಗಳಲ್ಲಿನ ಎಕ್ಸ್ ಕೂಡ ಡೈನಾಮಿಕ್ ಆಗಿಬಿಡುತ್ತದೆ. ಇಂಥ ಹೆಸರುಗಳ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕುವ ಪದ್ಧತಿ ಕಾಪಾಡುವುದು ಈ ಅಪಾಯದಿಂದಲೇ.

ಲಿಸ್ಪ್‌ನ ಇನ್ನೊಂದು ಪ್ರಭೇದವಾದ ಸ್ಕೀಮ್‌ನವರದು ಹೋಗಿ ಬರುವ ಆಟ. ಆರ್6ಆರ್‌ಎಸ್ ಎಂಬ ಅದರ 2007ರ ಮಾನಕ ಮೌಲ್ಯವಿಲ್ಲದ ಡಿಫೈನ್‌ಗೆ (ಅಲ್ಲಿನ ಘೋಷಣೆಗೆ) ಒಪ್ಪಿತು, 2013ರ ಆರ್7ಆರ್‌ಎಸ್ ಅದನ್ನು ಕೈಬಿಟ್ಟಿತು. ಮತ್ತೊಂದು ಪ್ರಭೇದವಾದ ಕ್ಲೋಜರ್‌ನಲ್ಲಿ ಹೆಸರು ಬಳಕೆಗೆ ಮುನ್ನವೇ ಗೊತ್ತಿರಬೇಕು. ಹಾಗಾಗಿ ಪರಸ್ಪರ ಕರೆಯುವ ಫಂಕ್ಷನ್‌ಗಳಿಗಾಗಿ, ಹೆಸರನ್ನಷ್ಟೇ ಮೊದಲೇ ತಿಳಿಸುವ ಡಿಕ್ಲೇರ್ ಇದೆ.

ನಿಜವಾದ ಸಿಕ್ಕು ಇರುವುದು ಈಮ್ಯಾಕ್ಸ್‌ನಲ್ಲಿ. 1985ರಿಂದ ಬಹುಕಾಲ ಅಲ್ಲಿ ವೇರಿಯಬಲ್‌ಗಳೆಲ್ಲ ಡೈನಾಮಿಕ್ ಆಗಿದ್ದವು. ಹಾಗಾಗಿ ಖಾಲಿ ಡೆಫ್‌ವಾರ್‌ಗೆ ಉಳಿದಿದ್ದ ಕೆಲಸ ಕಂಪೈಲರ್‌ನ ಬಾಯಿ ಮುಚ್ಚಿಸುವುದಷ್ಟೇ: ‘ಈ ಹೆಸರು ಬೇರೆ ಫೈಲಿನಲ್ಲಿದೆ, ಎಚ್ಚರಿಕೆ ಬೇಡ.’ 2012ರಲ್ಲಿ ಬಂದ 24ನೇ ಆವೃತ್ತಿ, ಬೇಕೆಂದ ಫೈಲಿನಲ್ಲಿ ಲೆಕ್ಸಿಕಲ್ ಬೈಂಡಿಂಗ್ (ಮೌಲ್ಯ ಅದನ್ನು ಬರೆದ ಕೋಡ್ ಭಾಗದೊಳಗಷ್ಟೇ ಕಾಣುವ ಪದ್ಧತಿ) ಬಳಸಲು ಅವಕಾಶ ಕೊಟ್ಟಿತು. ಆಗ ಅದೇ ಹಳೆಯ ಸಾಲಿಗೆ ಪ್ರೋಗ್ರಾಮಿನ ಅರ್ಥವನ್ನೇ ಬದಲಿಸುವ ಶಕ್ತಿ ಬಂತು.

ಒಂದು ಸಂದರ್ಭ ನೋಡಿ. ಬೇರೊಂದು ಲೈಬ್ರರಿಯ ‘ಗಡಿ’ ಎಂಬ ವೇರಿಯಬಲ್ಲಿನ ಮೊದಲ ಮೌಲ್ಯ 10. ನಮ್ಮ ಫೈಲಿನಲ್ಲಿ ಅದನ್ನು ಲೆಟ್‌ನಿಂದ 5 ಮಾಡಿ ಆ ಲೈಬ್ರರಿಯ ಫಂಕ್ಷನ್ ಕರೆಯುತ್ತೇವೆ. ಕಂಪೈಲ್ ಮಾಡುವಾಗ ಆ ಲೈಬ್ರರಿ ಲೋಡ್ ಆಗಿರದಿದ್ದರೆ, ಕಂಪೈಲರ್ ನಮ್ಮ ಗಡಿಯನ್ನು ಲೆಕ್ಸಿಕಲ್ ಎಂದೇ ತಿಳಿಯುತ್ತದೆ. 5 ನಮ್ಮ ಲೆಟ್ ಒಳಗೇ ಉಳಿದು, ಫಂಕ್ಷನ್ ಹಳೆಯ 10ನ್ನೇ ಓದುತ್ತದೆ. ಲೆಟ್‌ಗೆ ಮುಂಚೆ (ಡೆಫ್‌ವಾರ್ ಗಡಿ) ಎಂಬ ಸಾಲಿದ್ದರೆ ಎಲ್ಲ ಸರಿ. ‘ಖಾಲಿ ಯಾಕೆ, ನಿಲ್ ಕೊಟ್ಟರಾಯಿತು’ ಎಂದು (ಡೆಫ್‌ವಾರ್ ಗಡಿ ನಿಲ್) ಬರೆದರೆ ಇನ್ನೊಂದು ಪೇಚು: ಈಗಾಗಲೇ ಮೌಲ್ಯವಿರುವ ವೇರಿಯಬಲ್ಲನ್ನು ಡೆಫ್‌ವಾರ್ ಮುಟ್ಟುವುದಿಲ್ಲ. ಆಮೇಲೆ ಲೋಡ್ ಆಗುವ ಲೈಬ್ರರಿ ತನ್ನ 10 ಕೊಡಲು ಬಂದಾಗ ಅಲ್ಲಿ ನಿಲ್ ಕೂತಿರುತ್ತದೆ. ಇಲ್ಲಿ ಖಾಲಿ ಬಿಡುವುದು ಸೋಮಾರಿತನವಲ್ಲ, ಅದೇ ಸರಿಯಾದ ಕ್ರಮ.

ಕಾಮನ್ ಲಿಸ್ಪ್‌ನಿಂದ ಬಂದವರು ಎಡವುವ ಜಾಗ ಇನ್ನೊಂದಿದೆ. ಈಮ್ಯಾಕ್ಸ್‌ನ ಖಾಲಿ ಡೆಫ್‌ವಾರ್ ಆ ಫೈಲಿಗಷ್ಟೇ ಸೀಮಿತ. ಫಂಕ್ಷನ್ ಒಳಗೆ ಬರೆದರೆ ಆ ಭಾಗಕ್ಕಷ್ಟೇ. ಮೌಲ್ಯ ಕೊಟ್ಟ ಕೂಡಲೇ ಅದೇ ಡೆಫ್‌ವಾರ್ ಎಲ್ಲೆಡೆ ಅನ್ವಯಿಸುತ್ತದೆ. ಒಂದು ಆರ್ಗ್ಯುಮೆಂಟ್ ಇದ್ದು ಇಲ್ಲದಿದ್ದರೆ ವ್ಯಾಪ್ತಿಯೇ ಬದಲಾಗುವ ಇಂಥ ವಿನ್ಯಾಸವನ್ನು ಇಂದು ಹೊಸದಾಗಿ ಯಾರೂ ಆರಿಸಿಕೊಳ್ಳಲಾರರು. ಹಳೆಯ ಕೋಡ್ ಮುರಿಯದೆ ಹೊಸದಕ್ಕೆ ದಾರಿ ಮಾಡುವಾಗ ಕೈಗೆ ಸಿಕ್ಕಿದ್ದು ಇದು. ಉದಾಹರಣೆಗೆ ಈಮ್ಯಾಕ್ಸ್‌ನ ಕ್ಯಾಲೆಂಡರ್ ಕೋಡ್‌ನಲ್ಲಿ ಡೇಟ್ ಎಂಬ ಬೋಳು ಹೆಸರನ್ನು ಖಾಲಿ ಡೆಫ್‌ವಾರ್‌ನಿಂದ ಘೋಷಿಸಿ, ‘ಹೆಸರಿಗೆ ಪೂರ್ವಪದವಿಲ್ಲ’ ಎಂಬ ಎಚ್ಚರಿಕೆಯನ್ನು ಅಡಗಿಸಲು ಮತ್ತೊಂದು ಸುತ್ತುಕವಚ ಹಾಕಿದ್ದಾರೆ.

2025ರಲ್ಲಿ ಬಂದ 30ನೇ ಆವೃತ್ತಿಯ ಕಂಪೈಲರ್, ಲೆಕ್ಸಿಕಲ್ ಬೈಂಡಿಂಗ್ ಬೇಕೋ ಬೇಡವೋ ಎಂದು ತಿಳಿಸದ ಫೈಲಿಗೆ ಎಚ್ಚರಿಕೆ ಕೊಡುತ್ತದೆ. ಹಳೆಯ ಫೈಲುಗಳು ಹೊಸ ಪದ್ಧತಿಗೆ ಬಂದ ಹಾಗೆ ಅವುಗಳ ತಲೆಯಲ್ಲಿ ಖಾಲಿ ಡೆಫ್‌ವಾರ್‌ಗಳು ಸೇರಿಕೊಳ್ಳುತ್ತವೆ. ಲೈಬ್ರರಿಯವರು ಗಡಿ ಎಂಬ ಹೆಸರನ್ನು ಮುಂದೊಮ್ಮೆ ಬದಲಿಸಿದರೂ ಈ ಸಾಲು ಕಂಪೈಲರನ್ನು ಸುಮ್ಮನಿರಿಸುತ್ತಲೇ ಇರುತ್ತದೆ: ಲೆಟ್ ನಡೆಯುತ್ತದೆ, ದೋಷ ಬರುವುದಿಲ್ಲ, ಆ 5 ಮಾತ್ರ ಯಾರಿಗೂ ತಲುಪುವುದಿಲ್ಲ.